ತಿಪ್ಪೆಯ ಹುಳು, ತೆಂಗಿನ ಕುರುವಾಯಿ: ರೂಪಾಂತರವನ್ನು ಮನೆಯಲ್ಲೇ ನೋಡುವ ಬಗೆ

ಮುಂಗಾರಿಗೆ ಮುಂಚೆ ತಿಪ್ಪೆ ಬಗೆದು ಗೊಬ್ಬರ ಹೊರುವಾಗ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಉರುಳಿ ಬೀಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿರುತ್ತಾರೆ. ಕುಡುಗೋಲಿನಂತೆ ಮೈ ಬಾಗಿಸಿ ಮಲಗಿರುತ್ತವೆ. ಕೋಳಿಗಳಿಗೆ ಅಂದು ಹಬ್ಬ. ನಮ್ಮ ಮನೆಯಲ್ಲಿ ಇವು ಗೊಬ್ಬರದ ಹುಳುಗಳು. ತೆಂಗಿನ ಸುಳಿ ಕೊರೆಯುವ ಕೊಂಬಿನ ಕಪ್ಪು ದುಂಬಿ ಕುರುವಾಯಿ. ಎರಡೂ ಒಂದೇ ಜೀವ ಎಂದು ಅಜ್ಜನಿಗೆ ಹೇಳಿದಾಗ ಅವರು ನಂಬಲಿಲ್ಲ. ‘ತಿಪ್ಪೆಯಲ್ಲಿ ಹೊರಳುವ ಹುಳು ಮರ ಹತ್ತುತ್ತದೆಯೇ?’ ಎಂದು ಕೇಳಿದರು. ಹುಳುವನ್ನು ಬಕೆಟ್ಟಿನಲ್ಲಿ ಸಾಕಿ, ಐದು ತಿಂಗಳ ನಂತರ ದುಂಬಿಯನ್ನು ಅವರ ಅಂಗೈ ಮೇಲಿಟ್ಟಾಗ ಮಾತಿಗೆ ಬೆಲೆ ಬಂತು.

ಆಮೇಲೆ ಅದೇ ಕೆಲಸವನ್ನು ಹಲವು ಬಾರಿ ಮಾಡಿದ್ದೇನೆ, ಕೆಲವು ಬಾರಿ ಕೆಡಿಸಿಯೂ ಇದ್ದೇನೆ. ಮಕ್ಕಳಿರುವ ಮನೆಯಲ್ಲಿ, ಶಾಲೆಯಲ್ಲಿ ಅಥವಾ ಸುಮ್ಮನೆ ಕುತೂಹಲಕ್ಕೆ ಇದನ್ನು ಮಾಡಬಯಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಖರ್ಚು ಹುಳುವಿಗೊಂದು ಬಕೆಟ್ಟಿನದು ಮಾತ್ರ.

ಒಂದು ಜೀವ, ಎರಡು ಕಸುಬು

ದುಂಬಿಯ ಬದುಕಿಗೆ ನಾಲ್ಕು ಹಂತ: ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ. ಇದು ಪೂರ್ಣ ರೂಪಾಂತರ. ಚಿಟ್ಟೆ, ನೊಣ, ಸೊಳ್ಳೆ, ಜೇನು, ಇರುವೆಗಳದ್ದೂ ಇದೇ ದಾರಿ. ಮಿಡತೆ, ಜಿರಲೆ, ತಿಗಣೆಗಳಲ್ಲಿ ಕೋಶದ ಹಂತವೇ ಇಲ್ಲ. ಅವುಗಳ ಮರಿ ಮೊಟ್ಟೆಯಿಂದ ಬರುವಾಗಲೇ ತಾಯಿಯ ಅಚ್ಚಿನಲ್ಲಿರುತ್ತದೆ, ರೆಕ್ಕೆ ಮಾತ್ರ ಆಮೇಲೆ ಮೂಡುತ್ತದೆ. ಇದು ಅಪೂರ್ಣ ರೂಪಾಂತರ. ಇಂಥ ಮರಿಗಳಿಗೆ ನಮ್ಮ ಕೃಷಿ ಪುಸ್ತಿಕೆಗಳು ‘ಅಪ್ಸರೆ’ ಎಂದು ಹೆಸರಿಟ್ಟಿವೆ. ಇಂಗ್ಲಿಷಿನ ‘ನಿಂಫ್’ ಪದವನ್ನು ಯಾರೋ ನಿಘಂಟನ್ನು ಮುಂದಿಟ್ಟುಕೊಂಡು ಅನುವಾದ ಮಾಡಿರಬೇಕು. ಬೆಂಡೆ ಗಿಡದ ಜಿಗಿಹುಳುವಿನ ಮರಿಯನ್ನು ಅಪ್ಸರೆ ಎಂದು ಓದುವಾಗಲೆಲ್ಲ ನನಗೆ ನಗು ಬರುತ್ತದೆ.

ಇಷ್ಟು ದೊಡ್ಡ ವೇಷಾಂತರ ಯಾಕೆ ಬೇಕಾಯಿತು ಎಂಬುದಕ್ಕೆ ಕುರುವಾಯಿಯೇ ಒಳ್ಳೆಯ ಉತ್ತರ. ತಿಪ್ಪೆಯ ಹುಳು ಕೊಳೆತದ್ದನ್ನು ತಿನ್ನುತ್ತದೆ, ತೆಂಗಿನ ಮರಕ್ಕೆ ಅದರಿಂದ ಕೂದಲೆಳೆಯಷ್ಟೂ ತೊಂದರೆಯಿಲ್ಲ. ದುಂಬಿ ಗೊಬ್ಬರ ತಿನ್ನುವುದಿಲ್ಲ. ಅದು ಸುಳಿ ಕೊರೆದು ರಸ ಹೀರುತ್ತದೆ. ಆ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ಕಾಣುವುದು ಇದೇ ಕಾರಣಕ್ಕೆ. ಒಂದೇ ಜೀವ ಎರಡು ಊರಿನಲ್ಲಿ ಎರಡು ಕಸುಬು ಮಾಡುತ್ತದೆ. ದೊಡ್ಡವರು ಮಕ್ಕಳ ತಟ್ಟೆಗೆ ಕೈ ಹಾಕುವ ಪ್ರಸಂಗವೇ ಇಲ್ಲ. ಅಡಿಕೆಯ ಬೇರುಹುಳುವಿನದು ಇದರ ತಿರುವುಮುರುವು: ಅಲ್ಲಿ ಮಣ್ಣಿನೊಳಗಿನ ಮರಿಹುಳುವೇ ಬೇರು ತಿಂದು ತೋಟ ಹಾಳು ಮಾಡುತ್ತದೆ. ಯಾವ ಹಂತ ಎಲ್ಲಿ ಕುಳಿತಿದೆ ಎಂದು ತಿಳಿಯದೆ ಮದ್ದು ಹೊಡೆದರೆ ಮದ್ದಿನ ಅಂಗಡಿಯವರಿಗೆ ಮಾತ್ರ ಲಾಭ.

ಹೆಜ್ಜೆ 1: ಸರಿಯಾದ ಹುಳುವನ್ನು ಆರಿಸುವುದು

ಹಳೆಯ ತಿಪ್ಪೆ, ಕೊಳೆತ ತೆಂಗಿನ ಕೊರಡು, ತೆಂಗಿನ ನಾರಿನ ಪುಡಿಯ ರಾಶಿ, ಇವುಗಳಲ್ಲಿ ಹುಡುಕಿ. ಕಾಡಿನಿಂದ, ಅಭಯಾರಣ್ಯದಿಂದ ಯಾವ ಹುಳುವನ್ನೂ ತರಬೇಡಿ. ನಿಮ್ಮದೇ ಅಥವಾ ಪರಿಚಯದವರ ತಿಪ್ಪೆ ಸಾಕು. ಬರಿಗೈ ಹಾಕಬೇಡಿ, ತಿಪ್ಪೆಯಲ್ಲಿ ಚೇಳು ಇರುತ್ತದೆ.

ತಿಪ್ಪೆಯಲ್ಲಿ ಕುರುವಾಯಿಯದಲ್ಲದ ಹುಳುಗಳೂ ಸಿಗುತ್ತವೆ. ಗುರುತಿಸಲು ಒಂದು ಸುಲಭ ಪರೀಕ್ಷೆ ಇದೆ. ಹುಳುವನ್ನು ಚಪ್ಪಟೆ ಹಲಗೆಯ ಮೇಲೆ ಬಿಡಿ. ಅದು ಬೆನ್ನಡಿಯಾಗಿ ಮಲಗಿ, ಕಾಲುಗಳನ್ನು ಆಕಾಶಕ್ಕೆ ಚಾಚಿ, ಬೆನ್ನಿನ ಮೇಲೆಯೇ ತೆವಳಿಕೊಂಡು ಹೋದರೆ ಅದು ಹೂದುಂಬಿಯ ಮರಿ. ಈ ವಿಚಿತ್ರ ನಡಿಗೆ ಆ ಗುಂಪಿಗೇ ಮೀಸಲು. ಪಕ್ಕಕ್ಕೆ ಬಾಗಿ ಬಿದ್ದುಕೊಂಡೇ ಇದ್ದರೆ, ತಲೆ ಕಂದು ಬಣ್ಣದ್ದಾಗಿ ಗಟ್ಟಿಯಾಗಿದ್ದರೆ, ಮೈ ನಿಮ್ಮ ಹೆಬ್ಬೆರಳಿಗಿಂತ ದಪ್ಪವಿದ್ದರೆ ಬಹುಪಾಲು ಕುರುವಾಯಿಯೇ. ಪೂರ್ತಿ ಬೆಳೆದ ಹುಳುವಿನ ಮೈ ನೀಳವಾಗಿ ಚಾಚಿದಾಗ 9-10 ಸೆಂಟಿಮೀಟರ್ ಬರುತ್ತದೆ.

ಮೈಯ ಎರಡೂ ಬದಿಯಲ್ಲಿ ಸಾಲಾಗಿ ಕಂದು ಚುಕ್ಕೆಗಳಿವೆಯಲ್ಲ, ಅವೇ ಮೂಗುಗಳು. ಬದಿಗೆ ಒಂಬತ್ತರಂತೆ ಒಂಬತ್ತು ಜೊತೆ. ಈ ರಂಧ್ರಗಳನ್ನು ಮಕ್ಕಳಿಗೆ ಮೊದಲ ದಿನವೇ ಎಣಿಸಲು ಹೇಳಿ. ಹುಳು ಎಂದು ಮೂಗು ಮುರಿಯುವವರೂ ಎಣಿಸಲು ಕೂತರೆ ಅಸಹ್ಯ ಮರೆಯುತ್ತಾರೆ.

ಎರಡು ಅಥವಾ ಮೂರು ಹುಳು ಸಾಕು. ಸಾಧ್ಯವಾದರೆ ಒಂದು ಚಿಕ್ಕದು, ಒಂದು ದೊಡ್ಡದು ಇರಲಿ.

ಹೆಜ್ಜೆ 2: ಮನೆ ಮತ್ತು ಮೇವು

ಒಂದು ಹುಳುವಿಗೆ ಒಂದು ಬಕೆಟ್. ಐದು ಲೀಟರಿನ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ ಆದೀತು. ಕಾಯಿಸಿದ ಮೊಳೆಯಿಂದ ಮುಚ್ಚಳಕ್ಕೆ ಹತ್ತು ಹದಿನೈದು ತೂತು ಮಾಡಿ. ಎರಡು ಹುಳುಗಳನ್ನು ಒಟ್ಟಿಗೆ ಹಾಕಿದರೆ ಇಕ್ಕಟ್ಟಿನಲ್ಲಿ ಒಂದನ್ನೊಂದು ಕಚ್ಚುತ್ತವೆ. ದವಡೆ ಕೊಬ್ಬರಿ ತುರಿಯುವಷ್ಟು ಗಟ್ಟಿ. ಒಂದು ಗಾಯವಾದರೂ ಹುಳು ಕಪ್ಪಾಗಿ ಸಾಯುತ್ತದೆ.

ಮೇವು ಎಂದರೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಅದಕ್ಕೆ ಕಾಲು ಭಾಗ ಕೊಳೆತ ಎಲೆ ಅಥವಾ ತೆಂಗಿನ ಕೊರಡಿನ ಪುಡಿ. ಹಸಿ ಸಗಣಿ ಬೇಡವೇ ಬೇಡ. ಅದು ಕಳಿಯುವಾಗ ಬಿಸಿ ಏರುತ್ತದೆ, ಅಮೋನಿಯಾ ಹೊರಡುತ್ತದೆ. ದೊಡ್ಡ ತಿಪ್ಪೆಯಲ್ಲಿ ಹುಳು ತಂಪಿನ ಕಡೆಗೆ ಸರಿದುಕೊಳ್ಳುತ್ತದೆ, ಬಕೆಟ್ಟಿನಲ್ಲಿ ಓಡಲು ಜಾಗವಿಲ್ಲ. ಮೂಗಿಗೆ ಹಿಡಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಕೊಟ್ಟಿಗೆಯ ವಾಸನೆ ಬರಬಾರದು.

ತೇವದ ಹದ ಮುಖ್ಯ. ಒಂದು ಹಿಡಿ ಮೇವನ್ನು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಹೆಚ್ಚಾಯಿತು, ಕೈ ಬಿಟ್ಟೊಡನೆ ಉದುರಿದರೆ ಕಡಿಮೆಯಾಯಿತು, ರಾಗಿ ಮುದ್ದೆಯಂತೆ ಉಂಡೆ ನಿಂತರೆ ಸರಿ. ಬಕೆಟ್ಟಿನ ಮುಕ್ಕಾಲು ಭಾಗ ತುಂಬಿ, ಮಧ್ಯಾಹ್ನದ ಬಿಸಿಲು ಬೀಳದ ಮೂಲೆಯಲ್ಲಿಡಿ. ಹುಳುವನ್ನು ಮೇಲೆ ಬಿಟ್ಟರೆ ಸಾಕು, ತಾನೇ ಒಳಗಿಳಿಯುತ್ತದೆ. ಒಂದು ದಿನ ಕಳೆದರೂ ಮೇಲೆಯೇ ಇದ್ದರೆ ಮೇವಿನಲ್ಲಿ ಏನೋ ದೋಷವಿದೆ ಎಂದು ತಿಳಿದು ಬದಲಿಸಿ.

ಮೂರು ವಾರಕ್ಕೊಮ್ಮೆ ಮೇವು ನೋಡಿ. ಕೊತ್ತಂಬರಿ ಬೀಜದ ಗಾತ್ರದ ಒಣ ಹಿಕ್ಕೆಗಳೇ ಹೆಚ್ಚು ಕಂಡರೆ ಮೇವು ಮುಗಿದಿದೆ ಎಂದರ್ಥ. ಜರಡಿಯಾಡಿ ಹಿಕ್ಕೆ ತೆಗೆದು ಹೊಸ ಮೇವು ತುಂಬಿ. ಹಳೆಯದರಲ್ಲಿ ಎರಡು ಹಿಡಿಯಷ್ಟನ್ನು ಹೊಸದಕ್ಕೆ ಬೆರೆಸುವುದು ನನ್ನ ಪದ್ಧತಿ. ಇವುಗಳ ಹಿಂಗರುಳಿನಲ್ಲಿ ನಾರು ಕೊಳೆಸುವ ಸೂಕ್ಷ್ಮಜೀವಿಗಳಿವೆ, ಹೆಪ್ಪು ಹಾಕಿದಂತೆ ಆಗುತ್ತದೆ. ತೆಗೆದ ಹಿಕ್ಕೆಯನ್ನು ಬಿಸಾಡಬೇಡಿ, ಗುಲಾಬಿ ಕುಂಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ.

ಹೆಜ್ಜೆ 3: ತಲೆಯನ್ನು ಅಳೆಯಿರಿ, ಮೈಯನ್ನಲ್ಲ

ಮೈಯ ಉದ್ದ ನೋಡಿ ಹುಳುವಿನ ವಯಸ್ಸು ಹೇಳುವುದು ಸುಳ್ಳು ಲೆಕ್ಕ. ಹೊಟ್ಟೆ ತುಂಬಿದಾಗ ಉಬ್ಬುತ್ತದೆ, ಹಸಿದಾಗ ಕುಗ್ಗುತ್ತದೆ. ತಲೆ ಹಾಗಲ್ಲ. ಅದು ಗಟ್ಟಿ ಚಿಪ್ಪು. ಒಂದು ಹಂತದುದ್ದಕ್ಕೂ ಅದೇ ಅಳತೆಯಲ್ಲಿರುತ್ತದೆ, ಪೊರೆ ಬಿಟ್ಟಾಗ ಮಾತ್ರ ಒಮ್ಮೆಲೇ ಹಿಗ್ಗುತ್ತದೆ. ಹೀಗೆ ಪ್ರತಿ ಪೊರೆಗೂ ತಲೆ ಒಂದು ನಿಶ್ಚಿತ ಪ್ರಮಾಣದಲ್ಲಿ ಅಗಲವಾಗುತ್ತದೆ ಎಂಬುದನ್ನು 1890ರಲ್ಲಿ ಅಮೆರಿಕದ ಹ್ಯಾರಿಸನ್ ಡಯರ್ ಪತಂಗದ ಹುಳುಗಳಲ್ಲಿ ತೋರಿಸಿದರು. ಇಂದಿಗೂ ಅದು ಡಯರ್ ನಿಯಮವೆಂದೇ ಹೆಸರಾಗಿದೆ.

ಕುರುವಾಯಿಯ ಮರಿಹುಳುವಿಗೆ, ಪೊರೆಯಿಂದ ಪೊರೆಗೆ, ಮೂರು ಹಂತ. ತಲೆಯ ಅಗಲ ಮೊದಲ ಹಂತದಲ್ಲಿ ಸುಮಾರು ಎರಡೂವರೆ ಮಿಲಿಮೀಟರ್, ಎರಡನೆಯದರಲ್ಲಿ ಐದರ ಆಸುಪಾಸು, ಮೂರನೆಯದರಲ್ಲಿ ಹತ್ತಕ್ಕೂ ಮೇಲೆ. ಸರಿಸುಮಾರು ಇಮ್ಮಡಿ, ಮತ್ತೆ ಇಮ್ಮಡಿ. ಶಾಲೆಯ ವರ್ನಿಯರ್ ಕ್ಯಾಲಿಪರ್ ಸಿಕ್ಕರೆ ಸೊಗಸು, ಇಲ್ಲದಿದ್ದರೆ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ದಿನಾಂಕ, ತಲೆಯ ಅಗಲ, ತೂಕ, ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಹದಿನೈದು ದಿನಕ್ಕೊಮ್ಮೆ ಸಾಕು. ದಿನಾ ಹೊರತೆಗೆದರೆ ನಿಮಗೆ ಸಂತೋಷ, ಹುಳುವಿಗೆ ಉಪವಾಸ.

ಕಾಲದ ಅಂದಾಜು ಹೀಗಿದೆ. ಮೊಟ್ಟೆ ಒಡೆಯಲು 8ರಿಂದ 12 ದಿನ. ಮೊದಲ ಎರಡು ಹಂತಗಳಿಗೆ ತಲಾ ಎರಡು-ಮೂರು ವಾರ. ಮೂರನೆಯ ಹಂತ ಎರಡು ತಿಂಗಳಿಂದ ಐದು ತಿಂಗಳವರೆಗೂ ಎಳೆಯಬಹುದು. ಮೇವು ಮತ್ತು ಶಾಖ ಚೆನ್ನಾಗಿದ್ದರೆ ಬೇಗ, ಒಣಗಿದರೆ ನಿಧಾನ. ತಿಪ್ಪೆಯಲ್ಲಿ ನಿಮಗೆ ಕಣ್ಣಿಗೆ ಬೀಳುವ ದಪ್ಪ ಹುಳುಗಳೆಲ್ಲ ಈ ಮೂರನೆಯ ಹಂತದವು.

ಹೆಜ್ಜೆ 4: ಪೊರೆ ಬಿಡುವ ಹೊತ್ತು

ರೇಷ್ಮೆ ಸಾಕುವವರ ಮನೆಯಲ್ಲಿ ಇದಕ್ಕೆ ಒಂದು ಅದ್ಭುತ ಪದವಿದೆ: ಜ್ವರ. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತರೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಹುಳು ಐದನೆಯ ಹಂತದಲ್ಲಿ ಹೊಟ್ಟೆಬಾಕನಂತೆ ಸೊಪ್ಪು ತಿಂದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಏರುತ್ತದೆ. ಜ್ವರದ ಹೊತ್ತಿನಲ್ಲಿ ಹುಳುವಿಗೆ ಸೊಪ್ಪು ಹಾಕಬಾರದು, ಮುಟ್ಟಬಾರದು ಎಂಬ ಕಟ್ಟುನಿಟ್ಟು ರಾಮನಗರದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕುರುವಾಯಿಗೂ ಇದೇ ಪಥ್ಯ. ಹುಳು ಮಂಕಾಗಿ, ಮುಟ್ಟಿದರೂ ಕಚ್ಚಲು ಬಾರದೆ ಇದ್ದರೆ ಮೇವು ಮುಚ್ಚಿ ಒಂದು ವಾರ ಬಿಟ್ಟುಬಿಡಿ. ತಲೆಯ ನಡುಗೆರೆ ಸೀಳಿ ಹಳೆಯ ಚರ್ಮ ಹಿಂದಕ್ಕೆ ಸರಿಯುತ್ತದೆ. ಹೊಸ ತಲೆ ಮೊದಲಿಗೆ ಹಾಲಿನಂತೆ ಬಿಳಿ, ಗಂಟೆಗಳು ಕಳೆದಂತೆ ಕಂದು. ಕಳಚಿದ ಪೊರೆ ಸಿಕ್ಕರೆ ನೀರಿನಲ್ಲಿ ತೇಲಿಸಿ ಭೂತಗನ್ನಡಿ ಹಿಡಿಯಿರಿ. ಬದಿಯ ರಂಧ್ರಗಳಿಂದ ಬಿಳಿ ದಾರಗಳು ಜೋತಾಡುವುದು ಕಾಣುತ್ತದೆ. ಅವು ಉಸಿರ್ನಾಳಗಳ ಒಳಪದರ. ಹೊರಗಿನ ಅಂಗಿಯಷ್ಟೇ ಅಲ್ಲ, ಶ್ವಾಸನಾಳದ ಮತ್ತು ಕರುಳಿನ ಎರಡೂ ತುದಿಗಳ ಅಸ್ತರಿಯನ್ನೂ ಹುಳು ಕಳಚಿ ಹಾಕುತ್ತದೆ. ಈ ಹೊತ್ತಿನಲ್ಲಿ ಹುಳುವನ್ನು ಎತ್ತಿ ಆಡಿಸಿದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ಒಳಗೆ ಇದನ್ನು ನಡೆಸುವುದು ಎರಡು ಹಾರ್ಮೋನುಗಳು. ಎಕ್ಡೈಸೋನ್ ‘ಪೊರೆ ಬಿಡು’ ಎನ್ನುತ್ತದೆ. ಜುವೆನೈಲ್ ಹಾರ್ಮೋನ್ ‘ಇನ್ನೂ ಮಗುವಾಗಿಯೇ ಇರು’ ಎನ್ನುತ್ತದೆ. ಎರಡನೆಯದು ಇರುವವರೆಗೆ ಪ್ರತಿ ಪೊರೆಯ ನಂತರವೂ ಬರುವುದು ಇನ್ನೊಂದು ದೊಡ್ಡ ಹುಳು. ಅದು ಬತ್ತಿದ ಮೇಲೆ ಬಿಡುವ ಪೊರೆಯಿಂದ ಕೋಶ ಹೊರಬರುತ್ತದೆ. ಎಕ್ಡೈಸೋನನ್ನು ಶುದ್ಧ ರೂಪದಲ್ಲಿ ಮೊದಲು ಬೇರ್ಪಡಿಸಿದವರು ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್, 1954ರಲ್ಲಿ. ಅದಕ್ಕೆ ಬೇಕಾದದ್ದು 500 ಕಿಲೋ ರೇಷ್ಮೆ ಕೋಶ, ಸಿಕ್ಕಿದ್ದು 25 ಮಿಲಿಗ್ರಾಂ. ಒಂದು ಲಾರಿಯ ಮಾಲಿನಿಂದ ಒಂದು ಚಿಟಿಕೆಗೂ ಕಡಿಮೆ.

ನಡುವಿನ ತಿಂಗಳುಗಳಲ್ಲಿ

ಮೂರನೆಯ ಹಂತ ತಾಳ್ಮೆ ಪರೀಕ್ಷಿಸುತ್ತದೆ, ಮಕ್ಕಳಂತೂ ಬಕೆಟ್ಟನ್ನು ಮರೆತೇಬಿಡುತ್ತಾರೆ. ಆ ಹೊತ್ತಿಗೆ ಎರಡು ಚುರುಕು ಪ್ರಯೋಗಗಳಿವೆ.

ಹುಳು ಬಿದ್ದ ಅಲಸಂದೆ ಅಥವಾ ಹೆಸರುಕಾಳು ಮನೆಯಲ್ಲಿ ಇದ್ದೇ ಇರುತ್ತದೆ. ಓಡಾಡುವ ಕಂದು ದುಂಬಿಗಳಲ್ಲಿ ಹತ್ತನ್ನು ಒಂದು ಹಿಡಿ ಒಳ್ಳೆಯ ಅಲಸಂದೆಯ ಜೊತೆ ಗಾಜಿನ ಸೀಸೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ. ಎರಡು ದಿನದಲ್ಲಿ ಕಾಳಿನ ಮೇಲೆ ಗಾಜಿನಂತೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಮೊಟ್ಟೆ. ವಾರದೊಳಗೆ ಚುಕ್ಕೆ ಸುಣ್ಣದಂತೆ ಬೆಳ್ಳಗಾದರೆ ಮರಿ ಮೊಟ್ಟೆಯ ತಳ ಕೊರೆದು ನೇರ ಕಾಳಿನೊಳಗೆ ಹೋಗಿದೆ, ತೋಡಿದ ಪುಡಿಯನ್ನು ಖಾಲಿ ಚಿಪ್ಪಿಗೆ ತುಂಬಿದೆ ಎಂದರ್ಥ. ಹುಳುವಾಗಿ, ಕೋಶವಾಗಿ, ದುಂಬಿಯಾಗಿ ಎಲ್ಲವೂ ಆ ಒಂದು ಕಾಳಿನೊಳಗೇ. ಹೊರಬರುವ ಮುನ್ನ ಸಿಪ್ಪೆಯಲ್ಲಿ ಗುಂಡನೆಯ ಮಸುಕು ಕಿಟಕಿ ಕಾಣುತ್ತದೆ. ಬೇಸಿಗೆಯಲ್ಲಿ ಮೂರು-ನಾಲ್ಕು ವಾರಕ್ಕೆ ಕಿಟಕಿ ತಳ್ಳಿಕೊಂಡು ಹೊಸ ದುಂಬಿ ಹಾಜರ್. ಕಾಳನ್ನು ಆಗಾಗ ಸೀಳಿ ನೋಡಬಹುದು, ನಷ್ಟ ಒಂದು ಕಾಳು ಮಾತ್ರ. ಸೀಸೆಯನ್ನು ಅಡುಗೆಮನೆಯಿಂದ ದೂರವಿಡಿ ಎಂದು ಬೇರೆ ಹೇಳಬೇಕಿಲ್ಲ. ನಾನು ಒಮ್ಮೆ ಕಪಾಟಿನಲ್ಲಿಟ್ಟು ಮನೆಯವರಿಂದ ಬೈಸಿಕೊಂಡಿದ್ದೇನೆ.

ಇನ್ನೊಂದು ಕರಿಬೇವಿನ ಗಿಡ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಕೆಲವೊಮ್ಮೆ ಹಿಕ್ಕೆಯಲ್ಲ, ಚಿಟ್ಟೆಯ ಮರಿ. ಕೊನೆಯ ಹಂತದಲ್ಲಿ ಅದು ಹಸಿರಾಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೋಡು ಚಾಚಿ ಘಾಟು ಬಿಡುತ್ತದೆ. ಕೋಶ ಕಟ್ಟಿದ ಕೊಂಬೆಯ ಜೊತೆ ತಂದಿಟ್ಟರೆ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ. ಕೋಶದಲ್ಲಿ ತೂತು ಬಿದ್ದು ಪುಟ್ಟ ಕಣಜಗಳು ಹೊರಬಂದರೆ ಬೇಸರಪಡಬೇಡಿ. ಅವುಗಳೂ ಪೂರ್ಣ ರೂಪಾಂತರವನ್ನೇ ಮುಗಿಸಿದ್ದು, ಇನ್ನೊಬ್ಬರ ಮನೆಯಲ್ಲಿ.

ಹೆಜ್ಜೆ 5: ಗೂಡು ಕಟ್ಟುವ ಸೂಚನೆ

ಇತ್ತ ಬಕೆಟ್ಟಿನಲ್ಲಿ ಹುಳುವಿನ ಬಣ್ಣ ನೋಡಿ. ಮೇಯುವ ಹುಳುವಿನ ಹಿಂಭಾಗ ಒಳಗಿನ ಗೊಬ್ಬರದಿಂದ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಮಾಯವಾಗಿ ಮೈ ಬೆಣ್ಣೆಯಂತೆ ಹಳದಿಗೆ ತಿರುಗಿದರೆ, ತೂಕ ಇಳಿಯುತ್ತಿದ್ದರೆ, ಅದು ಕರುಳು ಖಾಲಿ ಮಾಡಿ ಸಿದ್ಧವಾಗುತ್ತಿದೆ. ಇನ್ನು ಮುಂದೆ ಅಗೆಯಬೇಡಿ. ಹುಳು ಮೇವನ್ನು ಒತ್ತಿ, ಒಳಗೋಡೆ ನುಣುಪಾದ ಮೊಟ್ಟೆಯಾಕಾರದ ಕೋಣೆ ಕಟ್ಟಿಕೊಳ್ಳುತ್ತದೆ. ಅದೃಷ್ಟವಿದ್ದರೆ ಬಕೆಟ್ಟಿನ ಗೋಡೆಗೆ ತಾಗಿಯೇ ಕಟ್ಟುತ್ತದೆ. ಅದಕ್ಕಾಗಿಯೇ ಮೊದಲಿನಿಂದಲೇ ಬಕೆಟ್ಟಿನ ಬದಲು ಪಾರದರ್ಶಕ ಡಬ್ಬ ಬಳಸಿ, ಸುತ್ತ ಕಪ್ಪು ಕಾಗದ ಸುತ್ತಿಡುವುದು ಒಳ್ಳೆಯದು. ಕಾಗದ ಸರಿಸಿದರೆ ಕಿಟಕಿ.

ಕೋಣೆಯೊಳಗೆ ಹುಳು ಸುಕ್ಕುಗಟ್ಟಿ, ನೆಟ್ಟಗಾಗಿ, ಸತ್ತಂತೆ ಬಿದ್ದಿರುತ್ತದೆ. ಒಂದರಿಂದ ಎರಡು ವಾರ ಹೀಗೆಯೇ. ಸತ್ತಿದೆ ಎಂದು ಬಿಸಾಡುವವರು ಬಹಳ. ಸತ್ತದ್ದು ಕಪ್ಪಾಗಿ ನಾರುತ್ತದೆ, ಇದು ನಾರುವುದಿಲ್ಲ.

ಇನ್ನೊಂದು ಬಗೆಯ ಸಾವೂ ಇದೆ. ಹುಳು ಗಟ್ಟಿಯಾಗಿ, ಮೇಲೆ ಬಿಳಿ ಬೂಷ್ಟು ಬಂದು, ಆಮೇಲೆ ಪಾಚಿಯ ಹಸಿರಾದರೆ ಅದು ಮೆಟಾರೈಜಿಯಂ ಎಂಬ ಶಿಲೀಂಧ್ರ. ಕುರುವಾಯಿ ಹತೋಟಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತಿಪ್ಪೆಗೆ ಬೆರೆಸಲು ಶಿಫಾರಸು ಮಾಡುವುದು ಇದನ್ನೇ. ಪ್ರಯೋಗ ಕೆಟ್ಟಿತೆಂದು ಮರುಗದೆ ಆ ಹಸಿರು ಹುಳುವನ್ನು ತೋಟದ ತಿಪ್ಪೆಯಲ್ಲಿ ಹೂಳಿ, ಬಕೆಟ್ಟನ್ನು ಬಿಸಿಲಿಗೆ ಒಣಗಿಸಿ.

ಹೆಜ್ಜೆ 6: ಕೋಶ

ಕೊನೆಯ ಪೊರೆ ಕಳಚಿದಾಗ ಸಿಗುವುದು ಜೇನುಬಣ್ಣದ ಕೋಶ. ಕೊಂಬು, ಕಾಲು, ರೆಕ್ಕೆ ಎಲ್ಲವೂ ಹೊರಗೇ ಮಡಚಿಕೊಂಡು ಕಾಣುತ್ತವೆ, ಚಿಟ್ಟೆಯ ಕೋಶದಂತೆ ಮೈಗೆ ಅಂಟಿರುವುದಿಲ್ಲ. ಕೊಂಬು ಉದ್ದವಿದ್ದರೆ ಗಂಡು, ಮೊಟಕಾಗಿದ್ದರೆ ಹೆಣ್ಣು ಎಂದು ಇಲ್ಲೇ ಅಂದಾಜಿಸಬಹುದು. ಬೆಳಕು ಬಿದ್ದರೆ ಹೊಟ್ಟೆಯನ್ನು ಗಿರಕಿ ಹೊಡೆಸುತ್ತದೆ. ಈ ಹಂತ ಮೂರು-ನಾಲ್ಕು ವಾರ.

ನಾನು ಕೆಡಿಸಿದ್ದು ಇಲ್ಲಿ. ಎರಡನೆಯ ವರ್ಷ ದಿನವೂ ಕೋಣೆ ತೆರೆದು ಚಿತ್ರ ತೆಗೆದೆ. ಗೋಡೆ ಕುಸಿಯಿತು, ಕೋಶವನ್ನು ಒಂದು ಚಪ್ಪಟೆ ಡಬ್ಬದಲ್ಲಿ ಹತ್ತಿಯ ಮೇಲಿಟ್ಟೆ. ಹೊರಬಂದ ದುಂಬಿಯ ರೆಕ್ಕೆಗವಚ ಸುರುಟಿಕೊಂಡು, ಒಳರೆಕ್ಕೆ ಹೊರಗೇ ಜೋತುಬಿತ್ತು. ಪೊರೆ ಕಳಚಲು ಕಾಲಿಗೆ ಒತ್ತಾಸೆ ಬೇಕು, ಮೈ ಹೊರಳಿಸಲು ದುಂಡನೆಯ ಗೋಡೆ ಬೇಕು. ಆ ಕೋಣೆ ಹಾಸಿಗೆಯಲ್ಲ, ಅಚ್ಚು.

ನಿಮ್ಮ ಕೈಯಲ್ಲೂ ಕೋಣೆ ಒಡೆದರೆ ಹೀಗೆ ಮಾಡಿ. ಒದ್ದೆ ಜೇಡಿಮಣ್ಣನ್ನು ಗಾಜಿನ ಲೋಟದಲ್ಲಿ ಒತ್ತಿ ತುಂಬಿ, ಕೋಶದ ಒಂದೂವರೆ ಪಟ್ಟು ಉದ್ದದ ಗುಳಿಯನ್ನು ಬೆರಳಿನಿಂದ ನುಣ್ಣಗೆ ಮಾಡಿ. ಹಳೆಯ ಕೋಣೆಯಲ್ಲಿ ಅದು ಹೇಗೆ ಮಲಗಿತ್ತೋ ಹಾಗೆಯೇ ಚಮಚದಿಂದ ಎತ್ತಿ ಇಳಿಸಿ. ಮೇಲೆ ಒದ್ದೆ ಬಟ್ಟೆ ಮುಚ್ಚಿ ಕತ್ತಲಲ್ಲಿಡಿ.

ಕೋಶದೊಳಗೆ ಎಲ್ಲವೂ ಕರಗಿ ಗಂಜಿಯಾಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಸ್ನಾಯು, ಕರುಳುಗಳು ದೊಡ್ಡ ಪ್ರಮಾಣದಲ್ಲಿ ಕಳಚಿ ಮರುಕಟ್ಟುವುದು ನಿಜ. ಆದರೆ ನರಮಂಡಲ ಮತ್ತು ಉಸಿರ್ನಾಳಗಳು ಮಾರ್ಪಾಡಾಗುತ್ತಾ ಉಳಿದುಕೊಳ್ಳುತ್ತವೆ. 2008ರಲ್ಲಿ ಅಮೆರಿಕದ ಸಂಶೋಧಕರು ತಂಬಾಕು ಗಿಡದ ಒಂದು ಪತಂಗದ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಅದನ್ನು ಕಂಡರೆ ದೂರ ಸರಿಯುವಂತೆ ಕಲಿಸಿದರು. ಕೊನೆಯ ಹಂತದಲ್ಲಿ ಕಲಿತ ಹುಳುಗಳು ಪತಂಗವಾದ ಮೇಲೂ ಆ ವಾಸನೆಯಿಂದ ತಪ್ಪಿಸಿಕೊಂಡವು. ಗಂಜಿಗೆ ನೆನಪಿರುವುದಿಲ್ಲವಲ್ಲ.

ಹೆಜ್ಜೆ 7: ದುಂಬಿ ಬಂದ ಮೇಲೆ

ತಲೆ, ಕಾಲುಗಳು ಮೊದಲೇ ಕಪ್ಪೇರಿರುತ್ತವೆ, ರೆಕ್ಕೆಗವಚ ಮಾತ್ರ ಬೆಳ್ಳಗೆ ಮೆತ್ತಗಿರುತ್ತದೆ. ಅದು ಬಿಳಿಯಿಂದ ಇಟ್ಟಿಗೆಗೆಂಪಾಗಿ, ಕೆಂಪಿನಿಂದ ಕಪ್ಪಾಗುತ್ತಾ ಬರುವುದು ಇಡೀ ಪ್ರಯೋಗದ ಅತಿ ಚೆಂದದ ದೃಶ್ಯ. ಬಣ್ಣ ಬಂದಿತೆಂದು ಎತ್ತಬೇಡಿ. ಚಿಪ್ಪು ಪೂರ್ತಿ ಗಟ್ಟಿಯಾಗುವವರೆಗೆ, ಎರಡು ಮೂರು ವಾರ, ಅದು ಕೋಣೆಯಲ್ಲೇ ಉಳಿಯುತ್ತದೆ. ಒಂದು ರಾತ್ರಿ ಮುಚ್ಚಳ ಪರಪರ ಕೆರೆಯುವ ಸದ್ದು ಕೇಳಿಸುತ್ತದೆ. ಆಗ ತೆಗೆಯಿರಿ. ಹಿಂಬದಿಯ ತುದಿಯಲ್ಲಿ ಕೆಂಗಂದು ಕೂದಲಿನ ಕುಚ್ಚು ದಟ್ಟವಾಗಿದ್ದರೆ ಹೆಣ್ಣು.

ಈ ದುಂಬಿಯನ್ನು ಹಾರಲು ಬಿಡಬೇಡಿ. ಚಿಟ್ಟೆಯನ್ನು ಬಿಡುವ ಖುಷಿ ಇಲ್ಲಿ ಸಲ್ಲದು. ಒಂದು ಹೆಣ್ಣು ಐವತ್ತರಿಂದ ನೂರು ಮೊಟ್ಟೆ ಇಡುತ್ತದೆ, ತಿಂಗಳುಗಟ್ಟಲೆ ಬದುಕುತ್ತದೆ, ಅದು ಕೊರೆದ ಗಾಯಕ್ಕೆ ತೆಂಗಿನ ಇನ್ನೊಂದು ಶತ್ರು ಕೆಂಪುಮೂತಿ ಹುಳು ಬಂದು ಮೊಟ್ಟೆಯಿಟ್ಟರೆ ಮರವೇ ಹೋಗುತ್ತದೆ. ಹುಳುವಿರುವ ಗೊಬ್ಬರವನ್ನು ಕುಂಡದ ಜೊತೆ ಇನ್ನೊಂದು ಊರಿಗೆ ಸಾಗಿಸುವುದೂ ಬೇಡ. 1909ರಲ್ಲಿ ಶ್ರೀಲಂಕಾದಿಂದ ರಬ್ಬರ್ ಸಸಿಗಳ ಜೊತೆ ಸಮೋವಾ ದ್ವೀಪಕ್ಕೆ ಹೀಗೆಯೇ ಹೋದ ಕುರುವಾಯಿ, ಆಮೇಲೆ ಪೆಸಿಫಿಕ್ ಸಾಗರದ ದ್ವೀಪದಿಂದ ದ್ವೀಪಕ್ಕೆ ಹಬ್ಬಿ ತೆಂಗನ್ನು ನುಂಗಿತು. 2007ರಲ್ಲಿ ಗುವಾಮ್, 2013ರಲ್ಲಿ ಹವಾಯಿ.

ನಾನು ದುಂಬಿಯನ್ನು ಡಬ್ಬದಲ್ಲಿ ಹಾಕಿ ಎರಡು ದಿನ ಫ್ರೀಜರಿನಲ್ಲಿಡುತ್ತೇನೆ, ಆಮೇಲೆ ಬಲ ರೆಕ್ಕೆಗವಚಕ್ಕೆ ಗುಂಡುಸೂಜಿ ಚುಚ್ಚಿ ಥರ್ಮೊಕೋಲಿನ ಮೇಲೆ ಕೂರಿಸುತ್ತೇನೆ. ಎಡಕ್ಕೆ ಎರಡನೆಯ ಹಂತದ ತಲೆಚಿಪ್ಪು, ಅದರ ಪಕ್ಕ ಮೂರನೆಯದು, ಕೋಶದ ಪೊರೆ, ಬಲತುದಿಗೆ ದುಂಬಿ. ಮೊದಲ ಹಂತದ ತಲೆಚಿಪ್ಪು ಮಾತ್ರ ಇಂದಿಗೂ ಸಿಕ್ಕಿಲ್ಲ. ಎರಡೂವರೆ ಮಿಲಿಮೀಟರನ್ನು ಗೊಬ್ಬರದಲ್ಲಿ ಹುಡುಕುವಾಗಲೆಲ್ಲ ಜರಡಿಯ ಕಣ್ಣು ದೊಡ್ಡದಾಗಿಬಿಡುತ್ತದೆ. ಈ ಸಲ ಹಳೆಯ ಸೊಳ್ಳೆಪರದೆಯ ತುಂಡು ತೆಗೆದಿಟ್ಟಿದ್ದೇನೆ.